ಬಲ ತೊಡೆ ಎಂದು ಬರೆದಿದೆ

ಟಪ್, ಸರ್ರ್, ಟಪ್, ಸರ್ರ್ — ಬಂದಳು, ತಲೆ ಎತ್ತದಿದ್ದರೂ ಗೊತ್ತು, ಕೋರ್ಟಿನ ಈ ಪಡಸಾಲೆಯಲ್ಲಿ ಎಷ್ಟೊಂದು ಜನ ಓಡಾಡುತ್ತಿದ್ದಾರೆ, ವಕೀಲರ ಬೂಟು, ಪೊಲೀಸರ ಬೂಟು, ಯಾವುದೂ ನನ್ನ ಕಿವಿಗೆ ಬೀಳುವುದಿಲ್ಲ, ಇದೊಂದು ಬೀಳುತ್ತದೆ, ಎಡಗಾಲು ಟಪ್ ಎಂದು ಊರುತ್ತದೆ, ಬಲಗಾಲು ಸರ್ರ್ ಎಂದು ಎಳೆದುಕೊಂಡು ಬರುತ್ತದೆ, ಖೈಂಜ, ಈಗ ಏಳು ವರ್ಷ, ನಾನು ಸೂಜಿ ಹಾಕಿದಾಗ ನಾಲ್ಕು, ಶಾಲೆಯ ಕಪ್ಪು ಬೂಟು, ಬಲಗಾಲಿನದರ ಮೂತಿ ನೆಲಕ್ಕೆ ಉಜ್ಜಿ ಉಜ್ಜಿ ಚರ್ಮ ಕಿತ್ತು ಬೆಳ್ಳಗಾಗಿದೆ, ಎಡಗಾಲಿನದು ಇನ್ನೂ ಅಂಗಡಿಯಿಂದ ತಂದಂತಿದೆ — ನೋಡಬೇಡ, ಕಿಟಕಿಯಾಚೆ ನೋಡು, ವನಾಲೆ ಬೆಟ್ಟ ನೋಡು, ಬಂಡೆಯಿಂದ ಇಳಿಯುವ ನೀರು ನೋಡು. ತಾಯಿ ನಂಬೋಜೊ ನನ್ನ ಮುಂದೆಯೇ ನಿಲ್ಲುತ್ತಾಳೆ, ನನ್ನ ಮೇಲೆ ಕೇಸು ಹಾಕಿದವಳು, ಬೈಯಬಾರದೇ, ಉಗಿಯಬಾರದೇ, ಇಲ್ಲ, ಮುಲೆಂಬೆ ಮುಸಾವೊ, ಊಟ ಆಯ್ತಾ, ಎನ್ನುತ್ತಾಳೆ, ನಮ್ಮ ಈ ಎಂಬಾಲೆ ಪೇಟೆಯಲ್ಲಿ ನಮಸ್ಕಾರಕ್ಕೆ ಮುಲೆಂಬೆ, ಔಷಧ ಕೊಡುವವರೆಲ್ಲ ಮುಸಾವೊ, ಆದರೆ ಅವಳ ಬಾಯಲ್ಲಿ ಆ ಮಾತು ಇವತ್ತಿಗೂ ಗೌರವದಿಂದಲೇ ಬರುತ್ತದೆ, ಮುಲೆಂಬೆ, ಆಯ್ತಮ್ಮ, ಎಂದೆ, ಸುಳ್ಳು, ಬೆಳಗಿನಿಂದ ಒಂದು ಗುಟುಕು ಚಹಾ ಕೂಡ ಒಳಗೆ ಹೋಗಿಲ್ಲ.

ಇನ್ನು ಹತ್ತು ನಿಮಿಷಕ್ಕೆ ನನ್ನನ್ನು ಕೂಗುತ್ತಾರೆ. ನನ್ನ ವಕೀಲ ಒಕೆಚೊ ಸಮೋಸಾ ತಿಂದು ಬಂದು ಪಕ್ಕದಲ್ಲಿ ಕೂತಿದ್ದಾನೆ, ಎಣ್ಣೆ ಬೆರಳು ಕರವಸ್ತ್ರಕ್ಕೆ ಒರೆಸಿಕೊಂಡು, ನೋಡಿ ಡಾಕ್ಟ್ರೇ, ನಿಮ್ಗೆ ಸುಳ್ಳು ಹೇಳಿ ಅಂತ ನಾನು ಹೇಳ್ತಾ ಇಲ್ಲ, ನೀವೇನೂ ಹೇಳೋದೇ ಬೇಡ, ರಿಜಿಸ್ಟರ್ ಓದಿ, ಕೆಳಗಿಳೀರಿ, ಅಷ್ಟೇ ಕೆಲ್ಸ. ಕ್ವಿನೈನ್, ಬಲ ತೊಡೆ, ಅಂತ ನಿಮ್ಮ ಕೈಯಕ್ಷರ ಇದೆ, ಅವತ್ತಿನ ತಾರೀಕೇ ಇದೆ, ತೊಡೆಗೆ ಹಾಕಿದ ಸೂಜಿಯಿಂದ ಪಾದ ಜೋತು ಬೀಳಲ್ಲ ಅಂತ ನೀವೇ ತಾನೆ ನಂಗೆ ಪಾಠ ಮಾಡಿದ್ದು. ಹೌದು, ನಾನೇ, ಕಾಲಿಗೆ ಹೋಗುವ ದೊಡ್ಡ ನರ ಇರುವುದು ಕುಂಡೆಯಲ್ಲಿ, ಮಕ್ಕಳಿಗೆ ಅಲ್ಲಿ ಕ್ವಿನೈನ್ ಚುಚ್ಚಬೇಡಿ ಎಂದು ನರ್ಸುಗಳಿಗೆ ಹೇಳಿಕೊಟ್ಟವನೂ ನಾನೇ. ಮತ್ತೆ? ಎನ್ನುತ್ತಾನೆ ಅವನು, ಅವಳ ಹತ್ರ ಏನಿದೆ, ಔಷಧ ಬರೆಸ್ಕೊಳ್ಳೋಕೆ ತಂದಿದ್ದ ಒಂದು ಶಾಲೆ ನೋಟ್‌ಬುಕ್ಕು, ಹಿಂದುಗಡೆ ಮಗ್ಗಿ, ಮುಂದೆ ನಿಮ್ಮ ಗೀಚು, ಕ್ವಿನೈನ್ ಸೂಜಿ ಅಂತಿದೆ, ಎಲ್ಲಿಗೆ ಅಂತ ಇಲ್ಲ, ಗೆದ್ದಂಗೇ ಬಿಡಿ.

ಬರೆದದ್ದು ಸುಳ್ಳಲ್ಲ, ಅದೇ ನನ್ನನ್ನು ಸಾಯಿಸುತ್ತಿದೆ, ಬರೆಯುವಾಗ ಅದು ನಿಜವಾಗಿತ್ತು, ನನ್ನ ಪದ್ಧತಿ ಮೊದಲು ಬರೆಯುವುದು, ಆಮೇಲೆ ಚುಚ್ಚುವುದು, ಅವತ್ತು ಮಲೇರಿಯಾ ಜ್ವರಕ್ಕೆ ಮಗುವಿನ ಮೈ ಸುಡುತ್ತಿತ್ತು, ಸಿರಪ್ ಕೊಡ್ತೀನಿ ಕುಡಿಸಮ್ಮ ಎಂದರೆ, ಅಯ್ಯೋ ಸೂಜಿ ಹಾಕದೆ ಕಳಿಸ್ಬೇಡಿ ಮುಸಾವೊ, ಸೂಜಿ ಇಲ್ದಿದ್ರೆ ಅದೆಂಥಾ ಔಷಧ, ಇಲ್ಲಿ ಎಲ್ಲರೂ ಹಾಗೆಯೇ, ಸೂಜಿ ಹಾಕದ ಡಾಕ್ಟರನ್ನು ಡಾಕ್ಟರ್ ಎನ್ನುವುದಿಲ್ಲ, ಆಯ್ತು ಎಂದೆ, ಬಲ ತೊಡೆ ಎಂದು ಬರೆದು ಪೆನ್ನು ಕಿಸೆಗೆ ಸಿಕ್ಕಿಸಿ ಮಗುವಿನ ಕಡೆ ತಿರುಗಿದೆ, ಅಷ್ಟರಲ್ಲಿ ಅವಳು ಎಲ್ಲ ತಾಯಂದಿರಂತೆ ಮಗುವನ್ನು ಮಡಿಲ ಮೇಲೆ ಬೋರಲು ಹಾಕಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು, ಹೊರಗೆ ಬೆಂಚಿನ ಮೇಲೆ ಇಪ್ಪತ್ತು ಜನ, ಕಿರುಚಾಟ, ಅಂಗಾತ ಮಲಗಿಸಮ್ಮ ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು, ಎರಡು ಮಾತು, ಹೇಳಲಿಲ್ಲ, ಚುಚ್ಚಿದೆ. ವಾರ ಬಿಟ್ಟು ನಗುತ್ತಾ ಬಂದಳು, ಜ್ವರ ಬಿಟ್ಟಿತ್ತು, ನನಗೆಂದು ಹೊಗೆಯಲ್ಲಿ ಒಣಗಿಸಿದ ಕಳಲೆಯ ಕಟ್ಟು ತಂದಿದ್ದಳು, ಬೆಟ್ಟದ ಮೇಲಿನದು, ಒಂದೇ ಒಂದು ಮಾತು ಮುಸಾವೊ, ಬಲಗಾಲು ಯಾಕೋ ಇನ್ನೂ ಮಲಗಿಕೊಂಡೇ ಇದೆ, ಎದ್ದಿಲ್ಲ, ಎಂದಳು. ನಾನು ಮಗುವಿನ ಪಾದ ಎತ್ತಿ ಬಿಟ್ಟೆ, ಅದು ಹಾಗೆಯೇ ಜೋತು ಬಿತ್ತು, ನನಗೆ ಗೊತ್ತಾಯಿತು, ಆ ಕ್ಷಣದಲ್ಲೇ ಗೊತ್ತಾಯಿತು, ಬಿಸಿನೀರಲ್ಲಿ ತಿಕ್ಕಮ್ಮ, ಸರಿ ಹೋಗುತ್ತೆ, ಎಂದೆ. ಆ ಕಳಲೆಯನ್ನು ಕಡಲೆಕಾಯಿ ಸಾರಿನಲ್ಲಿ ಬೇಯಿಸಿ ತಿಂದೆ ಕೂಡ, ಎರಡು ಸಲ ಬಡಿಸಿಕೊಂಡು.

ಬೆಳಿಗ್ಗೆ ಒಕೆಚೊ ಅವಳನ್ನು ಸಾಕ್ಷಿಕಟ್ಟೆಯಲ್ಲಿ ನಿಲ್ಲಿಸಿ ಜಾಡಿಸುತ್ತಿದ್ದ, ಮೂರು ವರ್ಷದ ಹಿಂದಿನ ಮಾತು, ನಿಂಗೆ ಹೆಂಗಮ್ಮ ನೆನಪಿರುತ್ತೆ, ಮಡಿಲ ಮೇಲೆ ಹಾಕ್ಕೊಂಡವಳು ನಾನು ಸ್ವಾಮಿ, ಮರೀತೀನಾ, ಹಂಗಾದ್ರೆ ರಿಜಿಸ್ಟರ್ ಸುಳ್ಳಾ, ಡಾಕ್ಟ್ರು ಸುಳ್ಳುಗಾರರಾ, ಹೇಳು, ಹೇಳಮ್ಮ. ಅವಳು ನನ್ನ ಕಡೆ ತಿರುಗಿದಳು, ಮುಸಾವೊ ಸುಳ್ಳು ಹೇಳೋರಲ್ಲ, ಸೂಜಿ ಕೇಳಿದ್ದು ನಾನೇ, ಅದು ನನ್ನ ತಪ್ಪು, ಎಲ್ಲಿಗೆ ಹಾಕಿದ್ದು ಅಂತ ಅವರನ್ನೇ ಕೇಳಿ. ಕೇಳುತ್ತಾರೆ, ಈಗ ಕೇಳುತ್ತಾರೆ, ಹೇಳಿದರೆ ಲೈಸೆನ್ಸ್ ಹೋಗುತ್ತದೆ, ಕ್ಲಿನಿಕ್ಕಿಗೆ ಬೀಗ ಬೀಳುತ್ತದೆ, ಪೇಟೆಯಲ್ಲಿ ಮಗುವಿನ ಕಾಲು ತೆಗೆದ ಡಾಕ್ಟರ್ ಎನ್ನುತ್ತಾರೆ, ಹೇಳದಿದ್ದರೆ ಏನೂ ಆಗುವುದಿಲ್ಲ, ಹೇಳದಿದ್ದರೆ ಅವಳು ಬರಿಗೈಯಲ್ಲಿ ಬೆಟ್ಟ ಹತ್ತುತ್ತಾಳೆ, ಹಿಂದೆ ಟಪ್, ಸರ್ರ್ — ಡಾಕ್ಟರ್ ವಂಡೇಬ! ಡಾಕ್ಟರ್ ವಂಡೇಬ! — ನನ್ನ ಹೆಸರು, ಎದ್ದೆ, ಪ್ರಮಾಣ ಮಾಡಿದೆ, ರಿಜಿಸ್ಟರ್ ತೆರೆದು ಮುಂದಿಟ್ಟಿದ್ದಾರೆ, ಒಕೆಚೊ ಬೆರಳಿಟ್ಟು ತೋರಿಸುತ್ತಾನೆ, ಓದಿ ಡಾಕ್ಟ್ರೇ, ಎಷ್ಟು ದುಂಡಗೆ ಬರೆದಿದ್ದೇನೆ, ಬಲ ತೊಡೆ, ಓದಿ, ನ್ಯಾಯಾಧೀಶೆ ಕನ್ನಡಕ ತೆಗೆದು ಕಾಯುತ್ತಿದ್ದಾರೆ, ಸಾಲಿನ ಮೇಲಿಂದ ಕಣ್ಣು ಜಾರಿ ಮುಂದಿನ ಬೆಂಚಿಗೆ ಹೋಯಿತು, ಅಲ್ಲಿ ಖೈಂಜ ಕೂತಿದ್ದಾಳೆ, ಕಾಲು ನೆಲಕ್ಕೆ ಎಟುಕುತ್ತಿಲ್ಲ — ಮಗು ಬೋರಲು ಮಲಗಿತ್ತು, ಯಾರ ದನಿ ಇದು, ನನ್ನದು, ಬರೆದಾದ ಮೇಲೆ, ಕುಂಡೆಗೆ ಹಾಕಿದೆ, ಒಕೆಚೊನ ಬೆರಳು ಪುಟದ ಮೇಲೇ ನಿಂತಿದೆ, ಯಾರೋ ಏನೋ ಕೇಳುತ್ತಿದ್ದಾರೆ, ಕೇಳಿಸುತ್ತಿಲ್ಲ, ಎಡಗಾಲಿನ ಬೂಟು ನೆಟ್ಟಗಿದೆ, ಬಲಗಾಲಿನದು ಕೆಳಕ್ಕೆ ಜೋತಿದೆ, ಅದರ ಬೆಳ್ಳಗಿನ ಮೂತಿ, ಆ ಮೂತಿ