ತುಂಬಿದ ಗಾಡಿ ತಟ್ಟನೆ ನಿಲ್ಲದು

ಟೈಲ್ಸ್ ಹೇರಿದ್ದ ಟೆಂಪೊ ಇಳಿಜಾರಿನಲ್ಲಿ ಬಂದು ದರ್ಜಿ ಅಂಗಡಿಯ ಜಗಲಿಗೆ ಗುದ್ದಿತು. ಅಲ್ಲಿದ್ದ ಹೊಲಿಗೆ ಯಂತ್ರ ನುಜ್ಜುಗುಜ್ಜಾಯಿತು. ದಾರ ತರಲು ಒಳಗೆ ಹೋಗಿದ್ದ ದರ್ಜಿ ಬದುಕಿಕೊಂಡ.

ಟೆಂಪೊ ಓಡಿಸುತ್ತಿದ್ದ ಹುಡುಗ ಮನೆಗೆ ಬಂದು ಕೂತ. ಬಾಯಿ ಜೋರಾಗಿಯೇ ಇತ್ತು.

“ಬ್ರೇಕ್ ಕೈಕೊಡ್ತಮ್ಮಾ! ನಾನೇನ್ ಮಾಡ್ಲಿ?”

“ಮೆಕ್ಯಾನಿಕ್ ನೋಡಿದ್ನಲ್ಲೋ, ಬ್ರೇಕ್ ಸರಿಯಾಗಿದೆಯಂತೆ,” ಎಂದಳು ಅಕ್ಕ. “ಲೋಡ್ ಎಷ್ಟು ಹಾಕಿದ್ದೆ?”

“ಒಂದೇ ಟ್ರಿಪ್ಪಿಗೆ ಮುಗೀಲಿ ಅಂತ ಸ್ವಲ್ಪ ಜಾಸ್ತಿ... ಅದಕ್ಕೂ ಬ್ರೇಕಿಗೂ ಏನಕ್ಕಾ ಸಂಬಂಧ? ಒತ್ತಿದ್ರೆ ನಿಲ್ಬೇಕು ತಾನೆ?”

ಅಕ್ಕ ಬಸ್ ಡ್ರೈವರ್. ಅವಳ ಬಸ್ಸಿನಲ್ಲಿ ನಿಂತುಕೊಂಡು ಹೋಗುವ ಅಜ್ಜಿಯರೂ ಮುಗ್ಗರಿಸುವುದಿಲ್ಲ ಎಂದು ಊರೆಲ್ಲ ಮೆಚ್ಚಿಕೊಳ್ಳುತ್ತದೆ. ಅವಳು ತಮ್ಮನನ್ನು ಬೈಯಲಿಲ್ಲ. ಅವನು ಸರಕು ತುಂಬಿಕೊಳ್ಳುವ ಟೈಲ್ಸ್ ಗೋದಾಮಿನ ಅಂಗಳಕ್ಕೆ ಕರೆದುಕೊಂಡು ಹೋದಳು. ಅಮ್ಮನೂ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಬಂದಳು.

ಅಲ್ಲೊಂದು ಖಾಲಿ ಕೈಗಾಡಿ ಇತ್ತು. “ತಳ್ಳು,” ಎಂದಳು ಅಕ್ಕ. ತಳ್ಳಿದ ಕೂಡಲೇ ಅದು ಸರ್ರನೆ ಓಡಿತು. “ಈಗ ಹಿಡಿದು ನಿಲ್ಲಿಸು.” ಒಂದೇ ಕೈಯಲ್ಲಿ ನಿಲ್ಲಿಸಿದ.

ಆಮೇಲೆ ಅದಕ್ಕೆ ಟೈಲ್ಸ್ ಪೆಟ್ಟಿಗೆಗಳನ್ನು ಹೇರಿಸಿದಳು. ಮೊದಲಿನಷ್ಟೇ ಬಲ ಹಾಕಿದರೆ ಗಾಡಿ ಆಮೆಯ ಹಾಗೆ ಹೊರಟಿತು. ಹಲ್ಲು ಕಚ್ಚಿ ತಳ್ಳಿ ವೇಗ ಹತ್ತಿಸಿ, ನಿಲ್ಲಿಸಲು ಹೋದ. ಗಾಡಿ ಅವನನ್ನೇ ಎಳೆದುಕೊಂಡು ಹೋಯಿತು.

“ಥೇಟ್ ನಿನ್ನ ಹಾಗೇ. ಹೇಳಿದ್ ಮಾತೇ ಕೇಳಲ್ಲ,” ಎಂದಳು ಅಮ್ಮ.

ಅಕ್ಕ ನಕ್ಕಳು. “ನೋಡೋ, ನಿನ್ನ ಬಲ ಅಷ್ಟೇ ಇತ್ತು. ತೂಕ ಹೆಚ್ಚಾಯ್ತು. ಅದಕ್ಕೇ ವೇಗ ಹತ್ತೋದೂ ನಿಧಾನ, ಇಳಿಯೋದೂ ನಿಧಾನ. ಬ್ರೇಕಿನ ಬಲಕ್ಕೂ ಒಂದು ಮಿತಿ ಇದೆ. ಗಾಡಿ, ಸರಕು ಸೇರಿ ತೂಕ ಎರಡು ಪಟ್ಟಾದ್ರೆ, ಅದೇ ವೇಗದಲ್ಲಿ ಅದೇ ಬಲಕ್ಕೆ ನಿಲ್ಲೋ ದೂರನೂ ಎರಡು ಪಟ್ಟಾಗುತ್ತೆ.”

“ಮತ್ತೆ ನಿನ್ನ ಬಸ್ಸಲ್ಲಿ ಅಷ್ಟು ಜನ ತುಂಬ್ಕೋತಾರಲ್ಲ?”

“ಬಸ್ ತುಂಬಿದ್ರೆ ನಾನು ನಿಧಾನಕ್ಕೆ ಹೋಗ್ತೀನಿ. ಸ್ಟಾಪ್ ದೂರದಲ್ಲಿ ಇರುವಾಗ್ಲೇ ಬ್ರೇಕ್ ಮೇಲೆ ಕಾಲಿಡ್ತೀನಿ. ಮುಂದಿನ ಗಾಡಿಗೆ ಅಂಟ್ಕೊಂಡು ಹೋಗಲ್ಲ.”

ತಮ್ಮ ಅಂಗೈ ನೋಡಿಕೊಂಡ. ಗಾಡಿಯ ಹಿಡಿ ಉಜ್ಜಿ ಕೆಂಪಾಗಿತ್ತು. “ದರ್ಜಿ ಅಣ್ಣ ಅಲ್ಲೇ ಕೂತಿದ್ದಿದ್ರೆ...” ಎಂದು ಪೆಟ್ಟಿಗೆಗಳನ್ನು ಒಂದೊಂದಾಗಿ ಕೆಳಗಿಳಿಸತೊಡಗಿದ.

ಸಂಜೆಯೇ ಹೋಗಿ ದರ್ಜಿಯ ಕ್ಷಮೆ ಕೇಳಿದ. ಅಂದಿನಿಂದ ಸರಕನ್ನು ಎರಡು ಟ್ರಿಪ್ ಮಾಡಿ, ಮುಂದಿನ ಗಾಡಿಯಿಂದ ದೂರ ಬಿಟ್ಟು ಸಾಗಿಸತೊಡಗಿದ. ಮೊನ್ನೆ ಮಾರುಕಟ್ಟೆ ರಸ್ತೆಯಲ್ಲಿ ಶಾಲಾ ವ್ಯಾನೊಂದು ಅವನ ಮುಂದೆ ಗಕ್ಕನೆ ನಿಂತಿತು. ಟೆಂಪೊ ಅದನ್ನು ಮುಟ್ಟಲಿಲ್ಲ. ಹಿಂದಿನ ಗಾಜಿನಿಂದ ಮಕ್ಕಳು ಅವನಿಗೆ ಕೈ ಬೀಸಿದರು. ಅವನು ಗಾಡಿ ಬದಿಗೆ ಹಾಕಿ ಅಕ್ಕನಿಗೆ ಫೋನ್ ಮಾಡಿದ. “ಗಾಡಿ ನಿಲ್ತಕ್ಕಾ,” ಎಂದಷ್ಟೇ ಹೇಳಿದ.

ಗಾಡಿ ಓಡಿಸುವ ಅಣ್ಣಂದಿರೇ, ಅಕ್ಕಂದಿರೇ, ಮಿತಿ ಮೀರಿ ಸರಕು ಹೇರಬೇಡಿ. ತುಂಬಿದ ಗಾಡಿಯನ್ನು ನಿಧಾನವಾಗಿ ಓಡಿಸಿ, ಮುಂದೆ ಹೆಚ್ಚು ಜಾಗ ಬಿಡಿ. ಆ ಜಾಗದಲ್ಲಿ ಯಾರದೋ ಜೀವ ಉಳಿಯುತ್ತದೆ.