ನಾಲ್ಕು ಇಂಚು ಗಿಡ್ಡ ಬೆಂಚು

ರೊಟ್ಟಿಗೆ ಹೊಕ್ಕುಳ ಇರುವುದನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಕೆಂಪಾಪುರದ ಎರಡನೇ ಮಹಡಿಯ ಆ ಬಾಡಿಗೆ ಮನೆಯಲ್ಲಿ ಒಂದು ಸೋಮವಾರ ಸಂಗವ್ವ ಬಡಿದ ಹನ್ನೊಂದು ಜೋಳದ ರೊಟ್ಟಿಗೂ ನಟ್ಟನಡುವೆ ಒಂದೊಂದು ಹೊಕ್ಕುಳ ಎದ್ದಿತ್ತು. ಕಾರಣ, ರೊಟ್ಟಿ ಬಡಿಯುವ ಹಲಗೆಯ ನಡುವೆ ಬೆರಳು ತೂರುವಷ್ಟು ತೂತು. ತೂತಿಗೆ ಕಾರಣ ಅವಳ ಗಂಡ ಮಹಾಲಿಂಗಪ್ಪ.

ಮಹಾಲಿಂಗಪ್ಪ ಯಲಹಂಕದ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಲ್ಯಾಬ್ ನೋಡಿಕೊಳ್ಳುವವನು. ಬಾಗಲಕೋಟೆ ಕಡೆಯಿಂದ ಬಂದು ಇಪ್ಪತ್ತೆರಡು ವರ್ಷವಾದರೂ ಗಂಡ ಹೆಂಡತಿಯ ಮಾತು ಇನ್ನೂ ಅಲ್ಲಿಯದೇ. ಮರಗೆಲಸವೆಂದರೆ ಅವನಿಗೆ ಹುಚ್ಚು. ಎಂಥ ಹುಚ್ಚು ಅಂತೀರಿ! ಮೂರು ವರ್ಷದಲ್ಲಿ ತಂದ ಉಳಿ, ಗರಗಸ, ಸುತ್ತಿಗೆಗಳು ಒಂದು ಬಡಗಿಯ ಮನೆತನಕ್ಕೆ ಮೊಮ್ಮಕ್ಕಳ ಕಾಲದವರೆಗೆ ಸಾಕು. ಮಾಡಿದ ಸಾಮಾನು ಮಾತ್ರ ದೊಡ್ಡ ಸೊನ್ನೆ. ಯಾಕಪ್ಪಾ ಎಂದು ಯಾರಾದರೂ ಕೇಳಿದರೆ, ಕೆಲಸ ಮಾಡಲು ಗಟ್ಟಿ ಬೆಂಚಿಲ್ಲ ಅನ್ನುತ್ತಿದ್ದ. ಸುಳ್ಳೇನಲ್ಲ. ಊಟದ ಮೇಜಿನ ಮೇಲೆ ಗರಗಸ ಎಳೆದರೆ ಮೇಜು ಕುಣಿಯುತ್ತಿತ್ತು. ಮಂಚದ ಅಂಚಿಗೆ ಹಲಗೆ ಇಟ್ಟು ಕೊಯ್ಯಲು ಹೋಗಿ ಹಾಸಿಗೆಯನ್ನೂ ಒಂದು ಗೇಣು ಕೊಯ್ದಿದ್ದ. ಕೊನೆಗೆ ಕಣ್ಣಿಗೆ ಬಿದ್ದದ್ದು ಸಂಗವ್ವನ ತವರಿನಿಂದ ಬಂದ ರೊಟ್ಟಿ ಹಲಗೆ. ಅದನ್ನು ಅಡಿಗಿಟ್ಟು ಡ್ರಿಲ್ಲಿಂಗ್ ಮಷೀನು ಒತ್ತಿದ. ಮೇಲಿನ ತುಂಡಿನ ಜೊತೆಗೆ ತವರುಮನೆಯೂ ತೂತಾಯಿತು.

ಸಂಗವ್ವ ಕೂಗಾಡಲಿಲ್ಲ. ಕೂಗಾಡಿದ್ದರೆ ಮಹಾಲಿಂಗಪ್ಪ ಬದುಕಿಕೊಳ್ಳುತ್ತಿದ್ದ. ಅವಳು ಗಂಡನ ಜೊತೆ ಮಾತನ್ನೇ ಬಿಟ್ಟು, ಡಿಗ್ರಿ ಓದುತ್ತಿದ್ದ ಮಗಳನ್ನು ಕರೆದಳು.

"ಶಿವಾನಿ, ನಿಮ್ಮಪ್ಪಗ ಹೇಳು. ಬರೋ ತಿಂಗಳ ಮೊದಲನೇ ಐತ್ವಾರ ವಾಷಿಂಗ್ ಮಷೀನ್ ಬರತೈತಿ. ಅಷ್ಟರಾಗ ಒಂದ ಒಂದು ಸಾಮಾನು ಮಾಡಿ ತೋರಸ್ಲಿ. ಇಲ್ಲಂದ್ರ ಬಾಲ್ಕನಿ ಮಷೀನಿಗೆ, ಅವರ ಉಳಿ ಗರಗಸ ಗುಜರಿಗೆ."

"ಅಪ್ಪಾ, ಕೇಳಿಸ್ತಾ? ಇಲ್ಲಾ ರಿಪೀಟ್ ಮಾಡ್ಬೇಕಾ?" ಎಂದಳು ಇಲ್ಲಿಯೇ ಹುಟ್ಟಿ ಬೆಳೆದ ಶಿವಾನಿ.

ಕೇಳಿಸಿತ್ತು. ಆರಡಿ ಉದ್ದ, ನಾಲ್ಕೂವರೆ ಅಡಿ ಅಗಲದ ಆ ಬಾಲ್ಕನಿ ಬಿಟ್ಟರೆ ಮಹಾಲಿಂಗಪ್ಪನದೆನ್ನುವ ಜಾಗ ಈ ಊರಿನಲ್ಲಿ ಇನ್ನೊಂದಿರಲಿಲ್ಲ. ಕಾಲೇಜಿನಲ್ಲಿ ಪ್ರೊಫೆಸರುಗಳ ಮಾತು, ಮನೆಯಲ್ಲಿ ಸಂಗವ್ವನ ಮಾತು. ಬಾಲ್ಕನಿಯಲ್ಲಿ ಮಾತ್ರ ಅವನ ಮಾತು ನಡೆಯುತ್ತಿತ್ತು, ಅಲ್ಲಿ ಕೇಳುವವರು ಯಾರೂ ಇರಲಿಲ್ಲ ಅನ್ನಿ. ಅದೂ ಹೋದರೆ ಗತಿಯೇನು?

ಮರುದಿನವೇ ಆರ್.ಟಿ. ನಗರಕ್ಕೆ ಹೋದ. ಅಲ್ಲಿ ಒಂದು ಓಣಿಯಲ್ಲಿ ರಹಮತುಲ್ಲಾ ಚಾಚಾ ಅವರ ಬಡಗಿ ಅಂಗಡಿ. ಐವತ್ತು ವರ್ಷ ಮರ ಕೊಯ್ದ ಕೈ, ಕಿವಿಯ ಹಿಂದೆ ಸದಾ ಒಂದು ಪೆನ್ಸಿಲ್ಲು. ಮಹಾಲಿಂಗಪ್ಪ ವಿಡಿಯೋ ನೋಡಿ ನೋಡಿ ಬರೆದ ಎಂಟು ಹಾಳೆಯ ನಕ್ಷೆ ಹರಡಿದ. ಆರು ಡ್ರಾಯರು, ಮಡಚುವ ರೆಕ್ಕೆ, ತಲೆಯ ಮೇಲೆ ಲೈಟು, ಮೊಬೈಲಿಗೊಂದು ಗೂಡು, ಕೆಳಗೆ ನಾಲ್ಕು ಗಾಲಿ.

ಚಾಚಾ ಎಂಟೂ ಹಾಳೆ ನೋಡಿ ಕನ್ನಡಕ ತೆಗೆದರು. "ಭಾರಿ ಚೆನ್ನಾಗೈತೆ ಸಾರ್. ಇದರ ಮೇಲೆ ಏನ್ ಮಾಡ್ತೀರ?"

"ಮರಗೆಲಸಾರೀ."

"ಅದೇ, ಏನು? ಕುರ್ಚಿನಾ, ಪೆಟ್ಟಿಗೆನಾ?"

ಮಹಾಲಿಂಗಪ್ಪ ಒಂಬತ್ತನೇ ಹಾಳೆ ಇದೆಯೇನೋ ಎಂಬಂತೆ ಕಾಗದ ತಿರುವಿ ಹಾಕಿದ.

"ಹೋಗ್ಲಿ ಬಿಡಿ," ಎಂದ ಚಾಚಾ ಪೆನ್ಸಿಲ್ಲು ತೆಗೆದು ಡ್ರಾಯರು, ರೆಕ್ಕೆ, ಲೈಟು, ಗೂಡು ಎಲ್ಲದರ ಮೇಲೂ ಗೀಟು ಎಳೆದರು. "ಬೆಂಚ್ ಅಂದ್ರೆ ಎಮ್ಮೆ ಇದ್ದಂಗಿರ್ಬೇಕು ಸಾರ್. ಎಷ್ಟು ಹೊಡೆದ್ರೂ ಜಗ್ಗಬಾರ್ದು. ಅಂಚಲ್ಲಿ ತುಂಬಿದ ಚಾ ಲೋಟ ಇಡಿ, ಈ ಕಡೆಯಿಂದ ಗುದ್ದಿ. ಚಾ ಚೆಲ್ಲಿದ್ರೆ ಅದು ಬೆಂಚಲ್ಲ, ತೊಟ್ಟಿಲು. ಈಗ ನೆಟ್ಟಗೆ ನಿಂತ್ಕೊಳ್ಳಿ, ಕೈ ಕೆಳಗೆ ಬಿಡಿ."

ನೆಲದಿಂದ ಮಹಾಲಿಂಗಪ್ಪನ ಮಣಿಕಟ್ಟಿನವರೆಗೆ ಟೇಪು ಹಿಡಿದರು. ಮೂವತ್ತನಾಲ್ಕು ಇಂಚು.

"ಇದು ನಿಮ್ಮ ಅಳತೆ. ಇನ್ನೊಬ್ಬರ ಅಳತೆ ಬೆಂಚಲ್ಲಿ ನಿಂತ್ರೆ ಒಂದೇ ವಾರಕ್ಕೆ ಸೊಂಟ ಹೋಗ್ತದೆ."

ಎಲ್ಲಕ್ಕೂ ತಲೆಯಾಡಿಸಿದ ಮಹಾಲಿಂಗಪ್ಪ ಒಂದಕ್ಕೆ ಮಾತ್ರ ಪಟ್ಟು ಹಿಡಿದ. "ಗಾಲಿ ಬೇಕ ಬೇಕ್ರಿ ಚಾಚಾ. ವಿಡಿಯೋದಾಗ ಎಲ್ಲಾರೂ ಹಾಕ್ಯಾರ."

"ಓಡಿಹೋಗೋ ಬೆಂಚು ಯಾಕೆ ಸಾರ್ ನಿಮಗೆ?" ಎಂದರು ಚಾಚಾ. ಆಮೇಲೆ ಅವರೇ ಕೈಚೆಲ್ಲಿದರು. "ಆಯ್ತು. ನಲವತ್ತು ವರ್ಷದಿಂದ ಮನೇಲಿ ಬೇಗಮ್ ಜೊತೆ ವಾದ ಮಾಡಿಲ್ಲ, ನಿಮ್ಮ ಜೊತೆ ಯಾಕೆ ಮಾಡ್ಲಿ?" ಗಾಲಿಗೆ ನಾಲ್ಕು ಇಂಚು ಬಿಟ್ಟು, ಬೆಂಚು ಮೂವತ್ತು ಇಂಚಿಗೆ ನಿಲ್ಲುವ ಹಾಗೆ ಕಾಲು ಕೊಯ್ದು ಕೊಟ್ಟರು. ಯಾವುದೋ ಹಳೆಯ ಮನೆ ಕೆಡವಿದಾಗ ಸಿಕ್ಕ ಮತ್ತಿ ಮರ ಅದು. ಮೇಲಿನ ಹಲಗೆಯೇ ಮೂರು ಇಂಚು ದಪ್ಪ. ಅದನ್ನು ಎರಡು ಮಹಡಿ ಹತ್ತಿಸಿದ ನಾಲ್ವರು ಆಳುಗಳು ಮೆಟ್ಟಿಲ ಮೇಲೆ ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಮೂರು ಭಾನುವಾರ ಮಹಾಲಿಂಗಪ್ಪ ಬಾಲ್ಕನಿ ಬಿಟ್ಟು ಅಲುಗಲಿಲ್ಲ. ತಾನೇ ಕಾಲು ಕೂರುವ ಗುಳಿ ಕೊರೆದ, ತಾನೇ ಕಾಲು ಕೂರಿಸಿದ, ತಾನೇ ಬೋಲ್ಟು ಬಿಗಿದ. ಮೇಸ್ತ್ರಿಗಳು ನೆಲ ನೋಡುವ ರಸಮಟ್ಟ ತಂದು ಹಲಗೆ ನೋಡಿದ, ಅಡ್ಡಪಟ್ಟಿ ನೋಡಿದ, ಕೊನೆಗೆ ಗೋಡೆಯ ಕ್ಯಾಲೆಂಡರನ್ನೂ ನೋಡಿದ. ನೋಡದೆ ಉಳಿದದ್ದು ಒಂದೇ ಒಂದು, ಬಾಲ್ಕನಿಯ ನೆಲ. ಮಳೆ ನೀರು ಹರಿದುಹೋಗಲೆಂದು ಕಟ್ಟಿದವರು ಅದನ್ನು ಮೂಲೆಯ ತೂತಿನ ಕಡೆಗೆ ವಾಟವಾಗಿ ಇಳಿಸಿದ್ದರು.

ಮಷೀನು ಬರುವ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಬೆಂಚು ಎದ್ದು ನಿಂತಿತು. ಮಹಾಲಿಂಗಪ್ಪ ಊದುಬತ್ತಿ ಹಚ್ಚಿದ. ಅಂಚಿನಲ್ಲಿ ಚಾ ಲೋಟ ಇಟ್ಟ. ಮರ ನುಣುಪು ಮಾಡುವ ರಂದ ಹಿಡಿದು, ಮನಸ್ಸಿನಲ್ಲೇ ಮನೆದೇವರಿಗೆ ಕೈಮುಗಿದು, ಮೊದಲ ಏಟು ತಳ್ಳಿದ.

ಬೆಂಚು ಹೊರಟಿತು. ಮೊದಲು ಮೆಲ್ಲಗೆ, ಆಮೇಲೆ ವಾಟ ಸಿಕ್ಕ ಖುಷಿಗೆ ಜೋರಾಗಿ. ರಂದ ಹಿಡಿದ ಮಹಾಲಿಂಗಪ್ಪನೂ ಅದರ ಹಿಂದೆಯೇ ಹೊರಟ. ಮೂಲೆಯ ಬಕೆಟ್ಟು ಚಪ್ಪಟೆಯಾಯಿತು, ಗ್ರಿಲ್ಲು ಢಣ್ ಎಂದಿತು, ಚಾ ಪೂರ್ತಿ ಅವನ ಬನಿಯನ್ನಿನ ಮೇಲೆ ಬಿತ್ತು.

"ಅಪ್ಪಾ, ಬೆಂಚು ವಾಕಿಂಗ್ ಹೊರಟಿದೆ ಕಣಪ್ಪಾ!" ಎಂದು ಶಿವಾನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಳಗಿನಿಂದ ಸಂಗವ್ವನ ದನಿ ಬಂತು. "ಶಿವಾನಿ, ಮಷೀನಿಗೂ ಗಾಲಿ ಇರ್ತಾವೇನು ಕೇಳು ನಿಮ್ಮಪ್ಪಗ."

ಗಾಲಿಯ ಬ್ರೇಕು ಒತ್ತಿದರೆ ಬೆಂಚು ಓಡಲಿಲ್ಲ ನಿಜ, ಆದರೆ ಚಳಿ ಹಿಡಿದವರಂತೆ ನಡುಗಿತು. ಬೇರೆ ದಾರಿಯಿಲ್ಲದೆ ಗಾಲಿ ಕಿತ್ತ. ಹಳೆಯ ಹವಾಯಿ ಚಪ್ಪಲಿ ಕತ್ತರಿಸಿ ತಗ್ಗಿನ ಕಡೆಯ ಎರಡು ಕಾಲಿನಡಿ ಕೊಟ್ಟ. ಈಗ ಬೆಂಚು ಕದಲಲಿಲ್ಲ. ಆದರೆ ನಾಲ್ಕು ಇಂಚು ಗಿಡ್ಡವಾಗಿತ್ತು. ಹತ್ತು ನಿಮಿಷ ಬಗ್ಗಿ ರಂದ ಹೊಡೆದವನು ಎದ್ದು ನಿಲ್ಲಲು ಶಿವಾನಿಯನ್ನು ಕೂಗಬೇಕಾಯಿತು. ನಿಂತು ಕೆಲಸ ಮಾಡಲಾಗದ ಬೆಂಚನ್ನು ಸಾಮಾನು ಎಂದು ತೋರಿಸುವುದು ಹೇಗೆ? ಬೆಳಗಾದರೆ ಮಷೀನು. ಚಾಚಾಗೆ ಫೋನು ಮಾಡಿದ. "ಕಾಲಿನ ಕೆಳಗೆ ನಾಲ್ಕು ತುಂಡು ಮರ ಕೊಟ್ರಾಯ್ತು ಸಾರ್. ಬೆಳಿಗ್ಗೆ ಬಂದು ನನ್ನ ಕರ್ಕೊಂಡು ಹೋಗಿ," ಎಂದರು ಚಾಚಾ. ನಗು ತಡೆದುಕೊಂಡ ದನಿ ಅದು.

ಭಾನುವಾರ ಬೆಳಿಗ್ಗೆ ಚಾಚಾರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೆಬ್ಬಾಳದ ಫ್ಲೈಓವರ್ ದಾಟುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ಮನೆಯ ಮುಂದೆ ಆಗಲೇ ಟೆಂಪೋ ನಿಂತಿತ್ತು. ಮೆಟ್ಟಿಲು ಹತ್ತುವಾಗ ಮೇಲಿನಿಂದ ಸದ್ದು ಕೇಳಿಸಿತು. ಧಬ್, ಧಬ್, ಧಬ್.

"ಒಡ್ಯಾಕತ್ತಾರ್ರೀ ಚಾಚಾ! ನನ್ನ ಬೆಂಚ ಒಡ್ಯಾಕತ್ತಾರ!" ಎಂದು ಮಹಾಲಿಂಗಪ್ಪ ಎರಡೆರಡು ಮೆಟ್ಟಿಲು ಹಾರಿ ಓಡಿದ.

ಬಾಗಿಲಲ್ಲಿ ವಾಷಿಂಗ್ ಮಷೀನು ನಿಂತಿತ್ತು. ಅದನ್ನು ತಂದ ಇಬ್ಬರು ಕೈಕಟ್ಟಿಕೊಂಡು ಬಾಲ್ಕನಿಯ ಕಡೆ ನೋಡುತ್ತ ನಿಂತಿದ್ದರು. ಬಾಲ್ಕನಿಯಲ್ಲಿ ಸಂಗವ್ವ. ಬೆಂಚನ್ನು ಉಜ್ಜಿ ತೊಳೆದು, ಒರೆಸಿ, ಹಿಟ್ಟು ಉದುರಿಸಿ ರೊಟ್ಟಿ ಬಡಿಯುತ್ತಿದ್ದಳು. ಎರಡೂ ಕೈ ಲಯ ಹಿಡಿದಿದ್ದವು. ರೊಟ್ಟಿ ತಾನಾಗಿ ತಿರುಗುತ್ತ ಚಂದ್ರನಂತೆ ಅಗಲವಾಗುತ್ತಿತ್ತು. ಅಂಚಿನಲ್ಲಿ ಅವಳ ಚಾ ಲೋಟ, ಕಂಠಮಟ್ಟ ತುಂಬಿದ್ದು. ಒಂದು ಹನಿ ಚೆಲ್ಲಿರಲಿಲ್ಲ.

ಮಹಾಲಿಂಗಪ್ಪನಿಗೆ ಏನೋ ಹೊಸದು ಅನ್ನಿಸಿತು, ಏನೆಂದು ಕೂಡಲೇ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಸಂಗವ್ವ ನಿಂತಿದ್ದಳು.

ಅವಳು ತಲೆ ಎತ್ತದೆ ಹೇಳಿದಳು. "ಶಿವಾನಿ, ನಿಮ್ಮಪ್ಪಗ ಹೇಳು. ಈ ಊರಾಗ ಅಡಗಿಮನಿ ಕಟ್ಟಿ ನನ್ನ ಎದಿಮಟ ಬರತೈತಿ. ಇಪ್ಪತ್ತೆರಡು ವರ್ಷ ನೆಲಕ್ಕ ಕುಂತ ಬಡದು ನನ್ನ ಮೊಣಕಾಲು ಹೋದವು. ಇವತ್ತ ನಿಂತು ಬಡದೀನಿ. ಬೆಂಚ ಗಟ್ಟಿ ಐತಿ ಅಂತ ಹೇಳು."

ಶಿವಾನಿ ಈ ಸಲ ರಿಪೀಟ್ ಮಾಡಲಿಲ್ಲ. ಮಹಾಲಿಂಗಪ್ಪನಿಗೆ ಖುಷಿಯೂ ಆಯಿತು, ಅದರ ಬೆನ್ನಿಗೇ ನಾಚಿಕೆಯೂ ಆಯಿತು. ಮೂರು ವರ್ಷ ಟೇಪು ಹಿಡಿದು ಮನೆಯಲ್ಲಿದ್ದದ್ದನ್ನೆಲ್ಲ ಅಳೆದಿದ್ದ. ಅಡಿಗೆಮನೆಯ ಕಟ್ಟೆಯನ್ನು ಮಾತ್ರ ಒಂದು ದಿನವೂ ಅಳೆದಿರಲಿಲ್ಲ.

"ಅಮ್ಮಾ, ಮಷೀನ್ ಎಲ್ಲಿ ಇಡೋದು? ಬಾಲ್ಕನಿ ಅಂತ ಹೇಳಿದ್ರಲ್ಲಾ," ಎಂದ ಬಂದವರಲ್ಲಿ ಒಬ್ಬ.

"ಬಾಲ್ಕನ್ಯಾಗ ಜಾಗ ಎಲ್ಲೈತ್ರಿ? ಕಣ್ಣ ಕಾಣಂಗಿಲ್ಲೇನು? ಬಚ್ಚಲಮನಿ ಮುಂದ ಇಡ್ರಿ," ಎಂದಳು ಸಂಗವ್ವ.

ಅಷ್ಟರಲ್ಲಿ ಏದುಸಿರು ಬಿಡುತ್ತ ಚಾಚಾ ಮೇಲೆ ಬಂದರು. ಚಾ ಲೋಟ ನೋಡಿದರು, ಬೆಂಚಿನ ಮೂಲೆಗೆ ಅಂಗೈ ಒತ್ತಿ ನೋಡಿದರು, "ಮಾಷಾ ಅಲ್ಲಾಹ್" ಎಂದರು. ಆಮೇಲೆ ಚೀಲದಿಂದ ನಾಲ್ಕು ಮರದ ತುಂಡು ತೆಗೆದರು.

"ನಿಮ್ಮ ಅಳತೆಗೆ ನಾಲ್ಕು ಇಂಚು ಗಿಡ್ಡ ಸಾರ್. ಎತ್ತೋಣ್ವಾ?"

ಧಬ್ ಧಬ್ ಸದ್ದು ನಿಂತಿತು. ಸಂಗವ್ವ ಹಿಟ್ಟಿನ ಉಂಡೆಯ ಮೇಲೆ ಕೈಯಿಟ್ಟು ಗ್ರಿಲ್ಲಿನ ಆಚೆ ನೋಡುತ್ತ ನಿಂತಳು.

"ಬ್ಯಾಡ ಬಿಡ್ರಿ ಚಾಚಾ," ಎಂದ ಮಹಾಲಿಂಗಪ್ಪ. "ಅಳತಿ ಬರೋಬ್ಬರಿ ಐತಿ."

"ನಿಮ್ಮ ಸೊಂಟ?"

"ನಾ ಕುಂತ ಕೆಲಸಾ ಮಾಡ್ತೀನಿ."

ಚಾಚಾ ಅವನನ್ನೂ ಸಂಗವ್ವನನ್ನೂ ನೋಡಿ ಗಡ್ಡದೊಳಗೇ ನಕ್ಕರು. "ಹಂಗಾದ್ರೆ ಈಗ ಹೇಳಿ. ಇದರ ಮೇಲೆ ಮೊದಲು ಏನ್ ಮಾಡ್ತೀರ?"

"ಸ್ಟೂಲು," ಎಂದ ಮಹಾಲಿಂಗಪ್ಪ. ಹಾಳೆ ತಿರುವಬೇಕಾಗಲಿಲ್ಲ.

ನಾಲ್ಕು ತುಂಡು ಮರ ವಾಷಿಂಗ್ ಮಷೀನಿನ ಕಾಲಿಗೆ ಹೋದವು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಮೊದಲು ಚಾಚಾಗೆ, ಆಮೇಲೆ ಮಷೀನು ತಂದವರಿಗೆ ಬಂತು. ಮಹಾಲಿಂಗಪ್ಪ ಕೈತೊಳೆದು ಬಂದು, ಎಲ್ಲಿ ಕೂರುವುದೆಂದು ತಿಳಿಯದೆ ಬೆಂಚಿನ ಪಕ್ಕದಲ್ಲಿ ನಿಂತ. ಸಂಗವ್ವ ತಟ್ಟೆ ಹಿಡಿದುಕೊಂಡು ನೇರ ಅವನ ಕಡೆಗೇ ತಿರುಗಿದಳು. ಒಂದು ತಿಂಗಳಾದ ಮೇಲೆ, ನಡುವೆ ಶಿವಾನಿ ಇಲ್ಲದೆ, ಅವನಿಗೇ ಹೇಳಿದಳು.

"ಸ್ಟೂಲ ಆಗೋತನಕ ನೀವ ನೆಲಕ್ಕ ಕುಂಡ್ರಿ. ರೊಟ್ಟಿ ಆರತಾವು."