ಪಂಪ್‌ಹೌಸಿನ ಪೆಟ್ಟಿಗೆ

ಮಗಳ ಒಂದು ಕಾರ್ಯದಲ್ಲೂ ಕರಿಯಯ್ಯ ಕೊನೇ ತನಕ ಇದ್ದವನಲ್ಲ. ಹೆಸರಿಡುವಾಗ ಕರೆಂಟು ಬಂತು, ಎದ್ದು ಹೋದ. ಸ್ಕೂಲಲ್ಲಿ ಬಹುಮಾನ ಕೊಡುವ ದಿನವೂ ಹಾಳಾದ ಕರೆಂಟು ಆಗಲೇ ಬರಬೇಕೆ! ಮೇಷ್ಟ್ರು ಕವನಳ ಹೆಸರು ಕೂಗುವ ಹೊತ್ತಿಗೆ ಅವನ ಸೈಕಲ್ಲು ಹೊಳೆ ದಾರಿಯಲ್ಲಿತ್ತು. ತಿ. ನರಸೀಪುರದ ಮಗ್ಗುಲ ಆ ಊರಿಗೆ ಕುಡಿಯುವ ನೀರೆತ್ತುವ ಪಂಪ್‌ಹೌಸಿಗೆ ಅವನೇ ಆಪರೇಟರು. ಕರೆಂಟು ಹೋಗಿ ಬಂದಾಗಲೆಲ್ಲ ಯಾರಾದರೂ ಹೋಗಿ, ಮೂರು ಫೇಸೂ ಇದೆಯಾ ಅಂತ ನೋಡಿ ಮೋಟರು ಹಾಕಬೇಕು. ಒಂದು ಸಲ ಪಕ್ಕದ ಮನೆಯ ನಿಂಗರಾಜುಗೆ ವಹಿಸಿದ್ದಕ್ಕೆ ಆ ಪುಣ್ಯಾತ್ಮ ಎರಡೇ ಫೇಸಿನಲ್ಲಿ ಹಾಕಿ ಮೋಟರು ಸುಟ್ಟ. ಊರಿನ ಹೆಂಗಸರು ಒಂಬತ್ತು ದಿನ ಕೊಡ ಹೊತ್ತರು. ಅವತ್ತಿಂದ ಕರಿಯಯ್ಯ ಬೀಗದ ಕೈ ಯಾರಿಗೂ ಕೊಟ್ಟಿಲ್ಲ.

ಈಗ ಕವನಳ ಮದುವೆ. "ಧಾರೆ ಎರೆಯೋವಾಗ್ಲೂ ನೀ ಎದ್ದೋದ್ರೆ ನಾನೂ ಹಿಂದ್ಗಡೆ ಎದ್ದು ಬತ್ತೀನಿ ಕಣಪ್ಪ," ಅಂದಿದ್ದಳು. ನಗುತ್ತಲೇ ಅಂದಳು, ಆದರೆ ಕಣ್ಣು ತುಂಬಿತ್ತು. ಅವಳು ಡಿಪ್ಲೊಮಾ ಓದಿ ನಂಜನಗೂಡಿನ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಮೋಟರು ನಡೆಸುವ ಪೆಟ್ಟಿಗೆಗಳನ್ನು ಮಾಡುತ್ತಿದ್ದಳು. ಪೆಟ್ಟಿಗೆ ಅಂದರೆ ಒಳಗೊಂದು ಪುಟಾಣಿ ಕಂಪ್ಯೂಟರು, ಕರೆಂಟು ಬಂದರೆ ಮೂರು ಫೇಸೂ ನೋಡಿ ಮೋಟರನ್ನು ತಾನೇ ಹಾಕುತ್ತೆ. ಸಾಹೇಬರನ್ನು ಕೇಳಿ ಒಂದು ತಂದಳು, ಪಂಚಾಯ್ತಿಯವರನ್ನೂ ಒಪ್ಪಿಸಿದಳು.

ಅರಿಶಿನದ ಹಿಂದಿನ ದಿನ ಅದನ್ನು ಗೋಡೆಗೆ ಕೂರಿಸಿ, ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ, ಹತ್ತು ಸಲ ಮೇನ್ ಆಫ್ ಮಾಡಿ ಆನ್ ಮಾಡಿದಳು. ಹತ್ತು ಸಲವೂ ಮುಕ್ಕಾಲು ನಿಮಿಷಕ್ಕೆ ಹಸಿರು ದೀಪ ಹತ್ತಿ ಮೋಟರು ಗುಂಯ್ ಅಂತು. ಕರಿಯಯ್ಯನಿಗೆ ಖುಷಿಯೇನೋ ಆಯಿತು, ಆದರೆ ಇಪ್ಪತ್ತೆಂಟು ವರ್ಷದ ಕೆಲಸವನ್ನು ಊಟದ ಡಬ್ಬಿಯಷ್ಟಿದ್ದ ಪೆಟ್ಟಿಗೆ ಮಾಡಿಬಿಟ್ಟಿತ್ತು. ಕವನ ಕೇಬಲ್ ಸುತ್ತಿಕೊಂಡು ಮನೆಗೆ ಹೋದಳು.

ಮಾರನೇ ಬೆಳಗ್ಗೆ ಕರೆಂಟು ಹೋಗಿ ಬಂತು. ಕರಿಯಯ್ಯ ಕೈಕಟ್ಟಿಕೊಂಡು ನೋಡುತ್ತ ನಿಂತ. ಐದು ನಿಮಿಷವಾದರೂ ಕೆಂಪು ದೀಪ ಹಸಿರಾಗಲಿಲ್ಲ. ಕೈಯಲ್ಲೇ ಮೋಟರು ಹಾಕಿ ಮನೆಗೆ ಬಂದರೆ ಮಗಳನ್ನು ಅರಿಶಿನಕ್ಕೆ ಕೂರಿಸಿದ್ದರು. ಹೇಗೆ ಹೇಳೋದು? ಹೇಳದೆ ಇರುವುದಾದರೂ ಹೇಗೆ?

"ಪೆಟ್ಟಿಗೆ ಏಳ್ನಿಲ್ಲ ಕಣವ್ವಾ," ಅಂದ. "ನಾಳೆ ನಾನಲ್ಲೇ ಇರ್ತೀನಿ. ನಿನ್ ಚಿಕ್ಕಪ್ಪ ಧಾರೆ ಎರೀಲಿ ಬುಡು."

ಕವನ ಹಣೆ ಹಣೆ ಚಚ್ಚಿಕೊಂಡಳು. ಲ್ಯಾಪ್‌ಟಾಪ್ ಎತ್ತಿಕೊಂಡು ಎದ್ದೇಬಿಟ್ಟಳು. ಅರಿಶಿನ ಹಚ್ಚಿದ ಹೆಣ್ಣು ಹೊಸಲು ದಾಟಬಾರದು ಅಂತ ಅವಳವ್ವ ಮಹದೇವಮ್ಮ ಬಾಗಿಲಿಗೆ ಅಡ್ಡ ನಿಂತಳು. ಹಿತ್ತಲ ಬಾಗಿಲು ಇರುವುದು ಮತ್ಯಾತಕ್ಕೆ? ಅಪ್ಪನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತೇ ಹೋದಳು, ಸ್ಕೂಲಿಗೆ ಹೋಗುತ್ತಿದ್ದ ಹಾಗೆ.

ತಪ್ಪು ತನ್ನದೇ ಅಂತ ದಾರಿಯಲ್ಲಿ ಬಿಡಿಸಿ ಹೇಳಿದಳು. ಕರೆಂಟು ಬಂದ ಕೂಡಲೇ ಪೆಟ್ಟಿಗೆ ತನ್ನ ರೂಟ್ ಫೈಲ್‌ಸಿಸ್ಟಮ್ ಓದಬೇಕು. ತಾನು ಏನು, ಮಾಡಬೇಕಾದ್ದೇನು, ಎಲ್ಲ ಇರುವುದು ಅದರಲ್ಲೇ. ಫ್ಯಾಕ್ಟರಿಯಲ್ಲಿ ದಿನಕ್ಕೆ ಹತ್ತು ಸಲ ತಿದ್ದಬೇಕಲ್ಲ, ಸಲೀಸಾಗಲಿ ಅಂತ ಅದನ್ನು ತನ್ನ ಲ್ಯಾಪ್‌ಟಾಪಿನಲ್ಲೇ ಇಟ್ಟು ಕೇಬಲಿನಲ್ಲಿ ಉಣಿಸುತ್ತಿದ್ದಳು. ಕರೆಂಟು ಹೋದರೂ ಬರೆದದ್ದು ಅಳಿಸದ, ಪೆಟ್ಟಿಗೆಯೊಳಗಿನ ಫ್ಲಾಶ್ ಮೆಮರಿಗೆ ಹಾಕುವುದು ಮದುವೆ ಗಡಿಬಿಡಿಯಲ್ಲಿ ಮರೆತೇ ಹೋಗಿತ್ತು. ನೋಡುವಾಗಲೆಲ್ಲ ತಾನು ಪಕ್ಕದಲ್ಲೇ ಇದ್ದದ್ದರಿಂದ ಗೊತ್ತೂ ಆಗಲಿಲ್ಲ.

"ಅಂಗಾರೆ ಇಷ್ಟು ದಿನ ನಿನ್ ಕೈ ಇಡ್ಕಂಡೇ ನಡೀತಿತ್ತು ಅನ್ನು," ಅಂದ ಕರಿಯಯ್ಯ.

"ಊಂ ಕಣಪ್ಪ."

"ಬುಡಿಸ್ಬುಡವ್ವ. ನಾಳಿಂದ ನೀನೂ ಇಲ್ಲಿ ಇರಕಿಲ್ಲ." ಅಷ್ಟು ಹೇಳಿ ಪೆಡಲ್ಲು ಜೋರಾಗಿ ತುಳಿದ.

ಪಂಪ್‌ಹೌಸಿನಲ್ಲಿ ಕೇಬಲ್ ಹಾಕುತ್ತ, ಫ್ಲಾಶಿಗೆ ಬರೆಯುವಾಗ ಕರೆಂಟು ಹೋದರೆ ಎಲ್ಲ ಕೆಡುತ್ತೆ ಅಂದಳು. ಬರೆದು ಮುಗಿಯುವವರೆಗೆ ಕರಿಯಯ್ಯ ಮೀಟರು ಬೋರ್ಡಿಗೆ ಕೈ ಮುಗಿದುಕೊಂಡೇ ನಿಂತಿದ್ದ. ಆಮೇಲೆ ಇನ್ನು ಫ್ಲಾಶಿನಿಂದಲೇ ಏಳಬೇಕು ಅಂತ ಪೆಟ್ಟಿಗೆಗೆ ತಿಳಿಸಿ, ಕೇಬಲ್ ಕಿತ್ತು, ಲ್ಯಾಪ್‌ಟಾಪ್ ಮುಚ್ಚಿದಳು. ಮೇನ್ ಆಫ್ ಮಾಡಿ ಮತ್ತೆ ಹಾಕಿದವನು ಕರಿಯಯ್ಯ. ನಲವತ್ತೈದು ಎಣಿಸುವಷ್ಟರಲ್ಲಿ ಹಸಿರು ದೀಪ ಹತ್ತಿತು. ಲ್ಯಾಪ್‌ಟಾಪಿನ ಕೀಲಿಗಳ ಮೇಲೆಲ್ಲ ಅರಿಶಿನ ಮೆತ್ತಿತ್ತು.

ಮಾರನೇ ದಿನ ಧಾರೆ ಹೊತ್ತಿಗೆ ಸರಿಯಾಗಿ ಫ್ಯಾನು, ಮೈಕು ಎಲ್ಲ ನಿಂತವು. ಗಂಡುಹೆಣ್ಣಿನ ಕೂಡಿದ ಕೈ ಮೇಲೆ ಹಾಲುನೀರು ಎರೆಯುತ್ತಿದ್ದ ಕರಿಯಯ್ಯನ ಕಡೆಗೇ ಚಪ್ಪರದವರೆಲ್ಲ ನೋಡಿದರು. ಸ್ವಲ್ಪ ಹೊತ್ತಿಗೆ ಫ್ಯಾನು ಮತ್ತೆ ತಿರುಗಿತು. ಅವನ ಕಾಲು ತಾನೇ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟಿತು. ಹಿಡಿದುಕೊಳ್ಳೋಣ ಅಂದರೆ ಕವನಳ ಕೈ ಧಾರೆಯ ಕೆಳಗಿತ್ತು. ಅಪ್ಪನ ಮುಖವನ್ನೇ ನೋಡಿದಳು, ಅಷ್ಟೇ.

ಕರಿಯಯ್ಯ ಇಟ್ಟ ಹೆಜ್ಜೆ ಹಿಂದಕ್ಕೆ ತೆಗೆದ. ಸಣ್ಣಗೆ ಎರೆಯುತ್ತ ಮನಸ್ಸಿನಲ್ಲೇ ಎಣಿಸಿದ. ನಲವತ್ತು. ನಲವತ್ತೈದು. ಐವತ್ತಾಯಿತು. ಅಷ್ಟರಲ್ಲಿ ಅಡಿಗೆಯವರ ಹತ್ತಿರ ತೆರೆದೇ ಬಿಟ್ಟಿದ್ದ ನಲ್ಲಿ ಗೊರಗೊರ ಕೆಮ್ಮಿ, ಖಾಲಿ ಹಂಡೆಯೊಳಗೆ ದಬದಬ ನೀರು ಸುರಿಯಿತು.

"ಎದ್ದೈತೆ ಕಣವ್ವಾ," ಅಂದ ಮೆಲ್ಲಗೆ.

ಕವನ ತಲೆಯಾಡಿಸಿದಳು. ಕೊನೇ ಹನಿ ಬೀಳುವವರೆಗೂ ಅವನು ಅಲ್ಲೇ ನಿಂತಿದ್ದ.